ನನ್ನ ಸಹಿಯಿಲ್ಲದೆ ಸಾಯದ ಸೆಲ್ಲುಗಳು

ಫೆಬ್ರುವರಿ ಹನ್ನೊಂದು. ಮೂರು ವರ್ಷದ ಹಿಂದಿನ ನನ್ನ ಡೈರಿಯ ಆ ಪುಟದಲ್ಲಿ ಹೀಗಿದೆ: "ಇಂದು ಮನೆಯ ಹಳೆಯ ಸೆಲ್ಲು ಹದಿನಾಲ್ಕನ್ನು ಪರೀಕ್ಷಿಸಲಾಯಿತು. ಒಂಬತ್ತಕ್ಕೆ ಇನ್ನೂ ಜೀವವಿದೆ. ಐದು ತೀರಿಕೊಂಡಿವೆ. ಯಜಮಾನರು ನಕ್ಕರು."

ಯಜಮಾನರು ನಕ್ಕದ್ದನ್ನೂ ಬರೆದಿಡುವುದು ನನ್ನ ಪದ್ಧತಿ. ಯಾರು ಯಾವಾಗ ನಕ್ಕರು ಎಂಬ ಚರ್ಚೆ ಮುಂದೆಂದಾದರೂ ಬಂದರೆ ಕೈಯಲ್ಲಿ ದಾಖಲೆ ಇರಬೇಕು. ಸೆಲ್ಲಿನ ವಿಷಯದಲ್ಲಂತೂ ಕಡೂರಿನ ನಮ್ಮ ಮನೆಯಲ್ಲಿ ತಿಂಗಳಿಗೊಂದು ಪ್ರಸಂಗ ಆಗದೆ ಹೋದದ್ದಿಲ್ಲ. ಮೊಮ್ಮಗಳ ಮದುವೆ ಮಾತುಕತೆ ನಡೆದ ಆ ವರ್ಷ ಮಾತ್ರ ಲೆಕ್ಕ ಸ್ವಲ್ಪ ಹೆಚ್ಚಾಯಿತು.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಭೌತಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರೆ. ನಮ್ಮ ಕೇರಿಗೆ ಸೊಸೆಯಾಗಿ ಬಂದವರಲ್ಲಿ ಮೊದಲ ಪದವೀಧರೆ ಎಂಬುದನ್ನು ನಾನಾಗಿ ಹೇಳುವುದಿಲ್ಲ, ಯಾರಾದರೂ ಕೇಳಿದರೆ ಹೇಳುತ್ತೇನೆ. ಮನೆಯಲ್ಲಿ ಟಿ.ವಿ. ರಿಮೋಟು ನಿಂತರೆ ಎರಡೂ ಸೆಲ್ಲು ತೆಗೆದು ಕಸಕ್ಕೆ ಎಸೆಯುತ್ತಿದ್ದರು. ಎರಡರಲ್ಲಿ ಒಂದು ಸತ್ತಿದ್ದರೆ ಇನ್ನೊಂದನ್ನು ಜೀವಂತ ಹೂಳಿದ ಹಾಗಲ್ಲವೇ? ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಕ್ ಅಂಗಡಿಯಿಂದ ಮೀಟರು ತಂದೆ. ಮೂರು ಬಿಸ್ಕತ್ತಿನ ಡಬ್ಬಕ್ಕೆ ಚೀಟಿ ಅಂಟಿಸಿದೆ: "ಉತ್ತಮ", "ಸಾಧಾರಣ", "ದಿವಂಗತ". ನನ್ನ ಪರೀಕ್ಷೆಯಾಗಿ ಪುಸ್ತಕದಲ್ಲಿ ಸಹಿ ಬೀಳದೆ ಒಂದು ಸೆಲ್ಲೂ ಹೊಸಲು ದಾಟುವಂತಿಲ್ಲ ಎಂದು ನಿಯಮ ಮಾಡಿದೆ.

ಆ ವರ್ಷವೇ ಮೊಮ್ಮಗಳಿಗೆ ಅಜ್ಜಂಪುರದಿಂದ ಸಂಬಂಧ ಬಂದಿತ್ತು. ಅವಳು ಹಲ್ಲಿನ ಡಾಕ್ಟರು. ತರೀಕೆರೆಯಲ್ಲಿ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಕೊಬ್ಬರಿ ವ್ಯಾಪಾರದಲ್ಲಿರುವ ನನ್ನ ಮಗ ಅವಳಿಗೆಂದು ತೆಗೆದಿಟ್ಟಿದ್ದ ಹಣದ ಮೇಲೆ ಅವಳಿಗೆ ಒಂದೇ ಆಸೆ.

"ಅಜ್ಜಿ, ಮದುವೆ ಇನ್ನೂರು ಜನಕ್ಕೆ ಸಾಕು. ಒಂದೇ ದಿನ. ಉಳಿದ ದುಡ್ಡಲ್ಲಿ ಹಲ್ಲಿನ ಕುರ್ಚಿ ತಗೊಂಡು ತರೀಕೆರೇಲೇ ನಂದೇ ಕ್ಲಿನಿಕ್ ಹಾಕ್ತೀನಿ. ಫೋನಲ್ಲಿ ಹುಡುಗನೂ ಒಪ್ಪಿದಾನೆ."

ಹುಡುಗ ಒಪ್ಪಿದರೆ ಆಯಿತೇ? ಹುಡುಗನಿಗೊಬ್ಬ ದೊಡ್ಡಪ್ಪ ಇದ್ದರು. ಕುರ್ಚಿಯೋ ಊಟವೋ ಎಂಬುದು ಅವರ ಬಾಯಲ್ಲಿತ್ತು. ಆ ಬಾಯಿ ಮುಚ್ಚಿಸಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ: ಎಂಬತ್ತೆಂಟು ವರ್ಷದ ನನ್ನ ಅತ್ತೆ.

ಬೀಳಿಸಿ ನೋಡುವುದು

ಮೀಟರು ಕೊಟ್ಟ ಅಂಗಡಿಯವನೇ ಒಂದು ಉಪಾಯ ಹೇಳಿದ್ದ. ಸೆಲ್ಲನ್ನು ನಾಲ್ಕು ಬೆರಳು ಎತ್ತರದಿಂದ ನೆಟ್ಟಗೆ ನೆಲಕ್ಕೆ ಬಿಡಬೇಕು. ಜೀವವಿದ್ದರೆ ಧಪ್ಪೆಂದು ಕೂರುತ್ತದೆ, ಸತ್ತಿದ್ದರೆ ಪುಟಿದು ಉರುಳುತ್ತದೆ. ಎಲ್ಲ ಜಾತಿಯ ಸೆಲ್ಲಿಗೂ ಇದು ಹೊಂದುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ನಾನೇ ಕಂಡುಹಿಡಿದೆ. ಆದರೂ ಮೀಟರಿಗೆ ಮುಂಚೆ ಇದೊಂದು ಕಿರುಪರೀಕ್ಷೆ ಎಂದು ಇಟ್ಟುಕೊಂಡೆ.

ಒಂದು ಬೆಳಿಗ್ಗೆ ಗೇಟಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಸೆಲ್ಲು ಬೀಳಿಸಿ ನೋಡುತ್ತಿದ್ದೆ. ಕಸದ ಗಾಡಿ ಬಂತು. ಗಾಡಿಯ ಜೊತೆ ಬರುವ ಹೆಂಗಸು ಹಸಿ ಕಸ ಸುರಿದುಕೊಂಡು ನಿಂತು ನೋಡಿದಳು.

"ಏನಮ್ಮಾ ಆಟ ಆಡ್ತಾ ಕೂತಿದೀರಿ?"

"ಆಟ ಅಲ್ಲ ಕಣೇ. ಯಾವುದು ಬದುಕಿದೆ ಯಾವುದು ಸತ್ತಿದೆ ಅಂತ ನೋಡ್ತಿದೀನಿ. ಸತ್ತಿದ್ದನ್ನ ಬೇರೆ ಕವರಲ್ಲಿ ಕೊಡ್ತೀನಿ. ಹಸಿ ಕಸಕ್ಕೂ ಸೇರಿಸ್ಬೇಡ, ಒಣ ಕಸಕ್ಕೂ ಸೇರಿಸ್ಬೇಡ. ನೆಲಕ್ಕೆ ವಿಷ."

"ಬೀಳಿಸಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ನೆಟ್ಟಗೆ ನಿಂತ್ರೆ ಕೆಲಸಕ್ಕೆ ಬರುತ್ತೆ. ಉರುಳಿದ್ರೆ ಇಲ್ಲ."

ಅವಳು ನಮ್ಮ ಜಗಲಿಯ ಕಡೆ ನೋಡಿದಳು. ಅಲ್ಲಿ ಯಜಮಾನರು ಪೇಪರು ಮುಖಕ್ಕೆ ಮುಚ್ಚಿಕೊಂಡು ಕುರ್ಚಿಯಲ್ಲಿ ಮಲಗಿದ್ದರು.

"ನಮ್ಮನೇಲೂ ಒಬ್ಬ ಅವ್ನೆ ಅಮ್ಮಾ. ಬೀಳ್ಸೋದೇನೂ ಬ್ಯಾಡ, ದಿನಾ ಸಾಯಂಕಾಲ ಅವ್ನೇ ಉರುಳ್ತಾನೆ. ಅವನ್ನೂ ಬೇರೆ ಕವರಲ್ಲಿ ಕೊಟ್ರೆ ತಗೊಂಡ್ ಹೋಗ್ತಾರಾ?"

ಬೆಲ್ಲಿಗೆ ವರ್ಗಾವಣೆ

ನನ್ನ ಪದ್ಧತಿಯಲ್ಲಿ ಸೆಲ್ಲಿಗೆ ಸೇವಾವಧಿ ಇದೆ. ಹೊಸತಾಗಿ ಬಂದಾಗ ಟಾರ್ಚಿಗೆ. ಅಲ್ಲಿ ಸುಸ್ತಾದ ಮೇಲೆ ರಿಮೋಟಿಗೆ. ರಿಮೋಟಿನಲ್ಲಿ ಎರಡು ಸಲ ಗುದ್ದಿಸಿಕೊಂಡ ಮೇಲೆ ಕಾಲಿಂಗ್ ಬೆಲ್ಲಿಗೆ ವರ್ಗಾವಣೆ. ಕೊನೆಗೆ ಗೋಡೆ ಗಡಿಯಾರಕ್ಕೆ. ಸರ್ಕಾರಿ ನೌಕರರಲ್ಲಿ ಕೆಲಸ ಮಾಡದವರನ್ನು ದೂರದ ಊರಿಗೆ ಹಾಕುವುದಿಲ್ಲವೇ, ಹಾಗೆ.

ಮಾರ್ಚಿನಲ್ಲಿ ಅಜ್ಜಂಪುರದವರು ಮೊದಲ ಸಲ ಹೆಣ್ಣು ನೋಡಲು ಬಂದರು. ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದರು. ಹನ್ನೊಂದೂಕಾಲಾಯಿತು, ಹನ್ನೊಂದೂವರೆಯಾಯಿತು. ಸೊಸೆ ಉಪ್ಪಿಟ್ಟನ್ನು ಎರಡು ಸಲ ಬಿಸಿ ಮಾಡಿದಳು. ಯಜಮಾನರು "ಸಂಬಂಧ ಬೇಡ ಅಂತ ಕಾಣುತ್ತೆ" ಎಂದು ಶರಟು ಬಿಚ್ಚಿದರು.

ಆಗ ಅತ್ತೆ ಕಿವಿ ಮಿಷನ್ನು ಒತ್ತಿಕೊಂಡು ಹೇಳಿದರು: "ಗೇಟ್ ಹತ್ರ ಯಾರೋ ಕೆಮ್ತಾವ್ರೆ ಕಣೇ. ಬರೀ ಕೆಮ್ಮಲ್ಲ, ಸಿಟ್ಟಿನ ಕೆಮ್ಮು."

ಓಡಿಹೋಗಿ ನೋಡಿದರೆ ಐದು ಜನ ಬಿಸಿಲಲ್ಲಿ ನಿಂತಿದ್ದಾರೆ. ಮುಂದೆ ಬಿಳಿ ಪಂಚೆಯ ದೊಡ್ಡಪ್ಪ, ಬೆರಳು ಇನ್ನೂ ಬೆಲ್ಲಿನ ಮೇಲೆ.

"ಒತ್ತೀ ಒತ್ತೀ ಬೆರಳೇ ಸವೆದೋಯ್ತು ತಾಯಿ. ನಿಮ್ಮನೇಲಿ ಬೆಲ್ಲು ಇರೋದು ನೋಡೋಕೋ?"

ಬೆಲ್ಲಿನ ಸೆಲ್ಲು "ಸಾಧಾರಣ" ಡಬ್ಬದ್ದು. ಸೇವೆ ಮುಗಿಸಿದ ದಿನಾಂಕವನ್ನು ಆಮೇಲೆ ಪುಸ್ತಕದಲ್ಲಿ ಬರೆದೆ. ಆಗ ಗೇಟು ತೆರೆದು ಪಕ್ಕಕ್ಕೆ ಸರಿದೆ. ಒಳಗಿಂದ ಅತ್ತೆಯೇ ಕೂಗಿದರು:

"ಏನಪ್ಪಾ, ಅಜ್ಜಂಪುರದಲ್ಲಿ ಗೇಟು ತಳ್ಳಿ ಒಳಗೆ ಬರೋ ಪದ್ಧತಿ ಇಲ್ವಾ? ಅರ್ಧ ಗಂಟೆ ಬೆಲ್ಲು ಒತ್ತೋರ ಮನೇಗೆ ಹೆಣ್ಣು ಕೊಟ್ರೆ ಅವಳು ಯಾವಾಗ ಅಡುಗೆ ಮನೆ ಸೇರ್ತಾಳೆ?"

ದೊಡ್ಡಪ್ಪ ಚಪ್ಪಲಿ ಬಿಟ್ಟು ಸೀದಾ ಬಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು. ಅವರು ಹೆದರುವ ಜೀವ ಲೋಕದಲ್ಲಿ ಒಂದಿದೆ ಎಂಬುದು ಅವತ್ತೇ ಗೊತ್ತಾಯಿತು. ನನ್ನ ಮೊಮ್ಮಗಳು ನನ್ನ ಕಿವಿಯಲ್ಲಿ, "ಅಜ್ಜಿ, ಇನ್ನೂರೇನು, ದೊಡ್ಡಜ್ಜಿ ನೂರೈವತ್ತಕ್ಕೇ ಇಳಿಸ್ತಾರೆ" ಎಂದಳು.

ಕಚ್ಚಿ ನೋಡುವುದು

ಯಜಮಾನರಿಗೆ ನನ್ನ ಮೀಟರಿನಲ್ಲಿ ನಂಬಿಕೆ ಇಲ್ಲ. ಅವರದು ಬೇರೆಯೇ ಸಂಪ್ರದಾಯ. ಸೆಲ್ಲು ನಿಂತರೆ ಮೊದಲು ಕೈಯಲ್ಲಿ ಉಜ್ಜುವುದು. ಆಮೇಲೆ ಹಿಂದುಮುಂದು ಮಾಡಿ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಬಿಸಿಲಿಗೆ ಇಡುವುದು.

ಏಪ್ರಿಲ್‌ನಲ್ಲಿ ಸೊಸೆ ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಯಜಮಾನರು ಯಾರಿಗೂ ಹೇಳದೆ ನನ್ನ "ದಿವಂಗತ" ಡಬ್ಬವನ್ನು ಹೊತ್ತುಕೊಂಡು ಹೋಗಿ ಸಂಡಿಗೆಯ ಪಕ್ಕದಲ್ಲೇ ಸಾಲಾಗಿ ಸೆಲ್ಲು ಒಣಹಾಕಿದರು. ಮಧ್ಯಾಹ್ನ ಕೋತಿಗಳು ಬಂದವು. ಸಂಡಿಗೆಯನ್ನೆಲ್ಲ ತಿಂದವು. ಒಂದು ಮರಿ ಮಾತ್ರ ಒಂದು ಸೆಲ್ಲನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮೂಸಿ, ಇದ್ದಲ್ಲಿಯೇ ಇಟ್ಟು ಹೋಯಿತಂತೆ.

"ನೋಡ್ರೀ, ಕೋತಿಗೂ ಗೊತ್ತಾಯ್ತು ಅದು ಸತ್ತಿದೆ ಅಂತ" ಎಂದೆ ನಾನು.

"ಕೋತಿ ಕಚ್ಚಿ ನೋಡ್ಲಿಲ್ವಲ್ಲ. ನಮ್ ಕಾಲದಲ್ಲಿ ರೇಡಿಯೋ ಸೆಲ್ಲನ್ನ ಹಲ್ಲಲ್ಲಿ ಒಂದ್ ಸಲ ಕಚ್ಚಿದ್ರೆ ಮೂರು ದಿನ ಹಾಡ್ತಿತ್ತು ಕಣೇ" ಎಂದು ಯಜಮಾನರು ಒಂದು ಸೆಲ್ಲು ತೆಗೆದು ಬಾಯಿಗಿಟ್ಟರು.

ಕಟಕ್ ಎಂದಿತು. ಸೆಲ್ಲು ಅಲ್ಲ, ಬಲಗಡೆಯ ದವಡೆ ಹಲ್ಲು.

ಅವತ್ತು ಭಾನುವಾರ. ತರೀಕೆರೆಯಿಂದ ಮೊಮ್ಮಗಳು ಬಂದಿದ್ದಳು. ತಾತನನ್ನು ಈಜಿ ಚೇರಿನಲ್ಲಿ ಮಲಗಿಸಿ, ಮೊದಲು ಬಾಯಿ ಮುಕ್ಕಳಿಸಲು ಹೇಳಿ, ಆಮೇಲೆ ಬಾಯಿ ತೆಗೆಸಿದಳು.

"ಇದಕ್ಕೇ ಅಜ್ಜಿ ಸರಿಯಾದ ಕುರ್ಚಿ ಬೇಕು ಅನ್ನೋದು. ಇದ್ರಲ್ಲಿ ಬಗ್ಗಿ ಬಗ್ಗಿ ಡಾಕ್ಟ್ರಿಗೇ ಸೊಂಟ ಹಿಡ್ಕೊಳುತ್ತೆ. ಸ್ವಲ್ಪ ಟಾರ್ಚ್ ಹಿಡೀರಿ."

ನಾನು ಹೆಮ್ಮೆಯಿಂದ ಟಾರ್ಚು ತಂದೆ. "ಉತ್ತಮ" ಡಬ್ಬದ ಸೆಲ್ಲು, ನಾನೇ ಸಹಿ ಹಾಕಿದ್ದು. ಅವಳು ಒಳಗೆ ಬೆರಳು ಹಾಕಿ "ಇಲ್ಲೇ ಇದೆ ಮುರಿದಿದ್ದು" ಎನ್ನುವಷ್ಟರಲ್ಲಿ ಟಾರ್ಚು ಹಳದಿಯಾಗಿ, ಕೆಂಪಾಗಿ, ಆರಿಹೋಯಿತು.

ಬಾಯಿ ತೆರೆದುಕೊಂಡೇ ಯಜಮಾನರು ಏನೋ ಹೇಳಿದರು. ಮೊಮ್ಮಗಳ ಬೆರಳು ಬಾಯಲ್ಲಿದ್ದುದರಿಂದ ಸ್ಪಷ್ಟವಾಗಲಿಲ್ಲ. ಅವಳು ಬೆರಳು ತೆಗೆದ ಮೇಲೆ ಇನ್ನೊಂದು ಸಲ ಹೇಳಿದರು:

"ಅದನ್ನ ಇಲ್ಲಿ ಕೊಡೇ, ಕಚ್ಚಿ ಕೊಡ್ತೀನಿ."

ಐದು ಗಡಿಯಾರದ ಸರಾಸರಿ

ಮೇ ತಿಂಗಳಲ್ಲಿ ಹುಡುಗನ ಮನೆ ನೋಡಲು ನಾವು ಅಜ್ಜಂಪುರಕ್ಕೆ ಹೋಗಬೇಕಿತ್ತು. ಕಡೂರಿನಿಂದ ಬೆಳಗಿನ ರೈಲು. ಗಂಡಿನ ಕಡೆಯವರು ಸ್ಟೇಷನ್ನಿಗೆ ಬಂದು ಕಾಯುತ್ತೇವೆ ಎಂದಿದ್ದರು.

ನಮ್ಮ ಮನೆಯಲ್ಲಿ ಐದು ಗೋಡೆ ಗಡಿಯಾರ. ಐದರಲ್ಲೂ ನಿವೃತ್ತಿಯ ಅಂಚಿನ ಸೆಲ್ಲು. ಆದ್ದರಿಂದ ಹಜಾರದಲ್ಲಿ ಆರೂ ಹತ್ತು ಆಗಿದ್ದರೆ ಅಡುಗೆ ಮನೆಯಲ್ಲಿ ಆರು, ದೇವರ ಮನೆಯಲ್ಲಿ ಐದೂ ಮುಕ್ಕಾಲು. ದೇವರಿಗೆ ಅವಸರವಿಲ್ಲ. ಸೊಸೆ ಬೇರೆ ಸೆಲ್ಲು ಹಾಕೋಣ ಎಂದಳು. ನಾನು ಒಪ್ಪಲಿಲ್ಲ. ಓಡುತ್ತಿರುವ ಗಡಿಯಾರದ ಸೆಲ್ಲು ತೆಗೆಯಲು ಯಾವ ನಿಯಮದಲ್ಲಿ ಅವಕಾಶವಿದೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದು ಬೇರೆ: ಐದು ಸಲ ಅಳೆದು ಸರಾಸರಿ ತೆಗೆದರೆ ತಪ್ಪು ಕಡಿಮೆಯಾಗುತ್ತದೆ. ಐದನ್ನೂ ಕೂಡಿ ಐದರಿಂದ ಭಾಗಿಸಿದೆ.

"ಫೋನ್ ನೋಡೇ ಮಾರಾಯ್ತಿ" ಎಂದರು ಯಜಮಾನರು.

"ಒಂದು ಫೋನಿಗಿಂತ ಐದು ಗಡಿಯಾರದ ಸರಾಸರಿ ಮೇಲು. ಇನ್ನೂ ಇಪ್ಪತ್ತು ನಿಮಿಷ ಇದೆ, ಕಾಫಿ ಕುಡೀರಿ."

ಕಾಫಿ ಕುಡಿಯುತ್ತಿದ್ದಾಗ ರೈಲು ಕೂಗಿದ್ದು ಅತ್ತೆಗೆ ಕೇಳಿಸಿತು. "ನಮ್ ರೈಲು ಹೋಗ್ತಾ ಐತೆ" ಎಂದರು. ನಾನು ಅದು ಗೂಡ್ಸು ಗಾಡಿ ಎಂದೆ.

ಗೂಡ್ಸು ಅಲ್ಲ. ಐದೂ ಗಡಿಯಾರ ಒಂದೇ ದಿಕ್ಕಿಗೆ ತಪ್ಪಿದರೆ ಸರಾಸರಿಯೂ ಅದೇ ದಿಕ್ಕಿಗೆ ತಪ್ಪುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಹೇಳಿಕೊಟ್ಟಿದ್ದಿರಬಹುದು, ಆ ದಿನ ನಾನು ರಜೆ ಹಾಕಿದ್ದಿರಬೇಕು. ಬೀರೂರಿನ ಮೇಲೆ ಎರಡು ಬಸ್ಸು ಬದಲಾಯಿಸಿ ಅಜ್ಜಂಪುರ ಮುಟ್ಟುವಾಗ ಅವರು ಮಾಡಿದ್ದ ಹೋಳಿಗೆ ತಣ್ಣಗಾಗಿತ್ತು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳಿದರು:

"ಅವತ್ತು ಬೆಲ್ಲು ಕೆಟ್ಟಿತ್ತು. ಇವತ್ತೇನು ಕೆಟ್ಟಿತ್ತು ತಾಯಿ?"

ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಯಜಮಾನರು ಹೇಳಿಬಿಟ್ಟರು: "ಏನೂ ಕೆಟ್ಟಿರ್ಲಿಲ್ಲ ಯಜಮಾನ್ರೇ. ನಮ್ಮನೆಯೋಳು ಬಿ.ಎಸ್ಸಿ. ಮಾಡಿದ್ಲು."

ಕಿವಿ ಮಿಷನ್ನು

ಈಗ ವೀಳ್ಯದ ದಿನದ ವಿಷಯ. ಇದನ್ನು ಡೈರಿಯಲ್ಲಿ ಬರೆಯಲು ಮೂರು ದಿನ ತೆಗೆದುಕೊಂಡೆ.

ನಮ್ಮ ವಂಶದಲ್ಲೊಂದು ಪದ್ಧತಿ. ಹೆಣ್ಣಿನ ಮನೆಯ ಹಿರಿಯ ಜೀವ ವೀಳ್ಯದ ತಟ್ಟೆಯ ಮೇಲೆ ಕೈಯಿಟ್ಟು ಕೂರಬೇಕು. ಗಂಡಿನ ಕಡೆಯ ಹಿರಿಯರು ಒಂದೊಂದೇ ಬೇಡಿಕೆ ಕೇಳಬೇಕು. ಹಿರಿಯ ಜೀವ ತಲೆಯಾಡಿಸಿದರೆ ಆಯಿತು, ಇಲ್ಲವೆಂದರೆ ಇಲ್ಲ. ಕೈ ತಟ್ಟೆಯ ಮೇಲಿರುವಷ್ಟು ಹೊತ್ತು ಎರಡು ಮನೆಯಲ್ಲೂ ಬೇರೆ ಯಾರೂ ಬಾಯಿ ಬಿಟ್ಟು ನಡುವೆ ಮಾತು ತರುವಂತಿಲ್ಲ. ಕೈ ತೆಗೆದ ಮೇಲೆ ಆದ ಮಾತು ತಿರುಗಿಸುವಂತಿಲ್ಲ. ಅತ್ತೆ ಹೀಗೆ ಮೂರು ಮದುವೆ ಮುಗಿಸಿದವರು. ಮೂರರಲ್ಲೂ ಗಂಡಿನ ಕಡೆಯವರು ಬಂದ ದುಡ್ಡಿಗಿಂತ ಕಡಿಮೆ ದುಡ್ಡಿನಲ್ಲಿ ವಾಪಸು ಹೋಗಿದ್ದರು.

ಈ ಸಲವೂ ಮಾತು ಅವರಿಗೆ ಹೇಳಿಕೊಟ್ಟಾಗಿತ್ತು: ಇನ್ನೂರು ಜನ, ಒಂದು ದಿನ, ಉಳಿದದ್ದು ಕುರ್ಚಿಗೆ. "ನನ್ ಹಲ್ಲಂತೂ ಹೋಯ್ತು, ಊರೋರ್ ಹಲ್ಲಾದ್ರೂ ಉಳೀಲಿ" ಎಂದು ಅತ್ತೆ ಟೊಂಕ ಕಟ್ಟಿದ್ದರು.

ಅವರಿಗೆ ಬೇಕಾದದ್ದು ಕಿವಿ ಒಂದೇ. ಮಿಷನ್ನಿನ ಹೊಸ ಸೆಲ್ಲು ಆರು ಇದ್ದ ಪ್ಯಾಕೆಟ್ಟನ್ನು ಮೊಮ್ಮಗಳು ಐದು ವಾರದ ಹಿಂದೆ ತರೀಕೆರೆಯಿಂದ ತಂದುಕೊಟ್ಟಿದ್ದಳು. ಗುಂಡಿಯಷ್ಟು ಸಣ್ಣವು. ಒಂದೊಂದರ ಬೆನ್ನಿಗೂ ಬಣ್ಣದ ಪುಟ್ಟ ಕಾಗದ ಅಂಟಿಸಿತ್ತು. ಹೊಸತಾದರೇನು, ಪರೀಕ್ಷೆ ಎಲ್ಲರಿಗೂ ಒಂದೇ. ಆರರ ಕಾಗದವನ್ನೂ ಕಿತ್ತು, ಮೀಟರಿಗೆ ಹಿಡಿದು, ಆರೂ ಉತ್ತಮವೆಂದು ಬರೆದು ಸಹಿ ಹಾಕಿ, ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದೆ. ಅತ್ತೆ ಮಿಷನ್ನು ದಿನವೂ ಹಾಕುವುದಿಲ್ಲ, ನೆಂಟರು ಬಂದರೆ ಮಾತ್ರ. ಆದರೂ ಮೂರು ಸೆಲ್ಲು ಅಷ್ಟರಲ್ಲೇ ಮುಗಿದಿದ್ದವು. "ಅತ್ತೆ ಬೇರೆಯವರ ಮಾತು ಜಾಸ್ತಿ ಕೇಳುತ್ತಾರೆ" ಎಂದು ಪುಸ್ತಕದಲ್ಲಿ ಕಾರಣ ಬರೆದಿದ್ದೆ.

ವೀಳ್ಯದ ಬೆಳಿಗ್ಗೆ ನಾಲ್ಕನೆಯದನ್ನು ಹಾಕಿದೆ. ಮೀಟರು ಪರವಾಗಿಲ್ಲ ಎಂದಿತು. ಉಳಿದೆರಡು ನನ್ನ ಕೈಚೀಲದಲ್ಲಿ.

ಈ ಸಲ ವೀಳ್ಯ ಗಂಡಿನ ಮನೆಯಲ್ಲಿ ಗೊತ್ತಾಗಿತ್ತು. ಅಜ್ಜಂಪುರದ ಮನೆ ಮುಟ್ಟಿ ಕಾಲು ತೊಳೆಯುವಾಗ ಅತ್ತೆ ನನ್ನ ಸೆರಗು ಎಳೆದರು. "ಏನೂ ಕೇಳ್ತಿಲ್ವಲ್ಲೇ." ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಐದನೆಯದನ್ನು ಹಾಕಿದೆ. ಇಲ್ಲ. ಆರನೆಯದು. ಅದೂ ಇಲ್ಲ. ಸೊಸೆ ನನ್ನ ಚೀಲದಿಂದ ಖಾಲಿ ಪ್ಯಾಕೆಟ್ಟು ತೆಗೆದು ಹಿಂಬದಿಯ ಸಣ್ಣ ಅಕ್ಷರ ಓದಿದಳು. ಅವಳು ಹೆಚ್ಚು ಮಾತಾಡುವವಳಲ್ಲ.

"ಅತ್ತೆ, ಆ ಕಾಗದ ಕಿತ್ತ ಕೂಡ್ಲೇ ಗಾಳಿ ಒಳಗೆ ಹೋಗಿ ಸೆಲ್ಲು ಕೆಲ್ಸ ಶುರು ಮಾಡುತ್ತಂತೆ. ಉಪಯೋಗಿಸಿದ್ರೂ ಇಲ್ದಿದ್ರೂ ಕೆಲವೇ ವಾರದಲ್ಲಿ ಮುಗಿಯುತ್ತಂತೆ. ಹಾಕೋವಾಗ ಮಾತ್ರ ಕೀಳ್ಬೇಕಂತೆ."

ಅಂದರೆ ಆರು ಸೆಲ್ಲನ್ನೂ ಒಂದೇ ದಿನ ಕೊಂದವಳು ನಾನೇ. ಬರೆದದ್ದನ್ನು ನಾನು ಓದಿರಲಿಲ್ಲ. ಪ್ಯಾಕೆಟ್ಟಿನ ಹಿಂದಿನದನ್ನು ಓದುವುದು ತಿಳಿಯದವರ ಕೆಲಸ ಎಂದುಕೊಂಡಿದ್ದೆ.

ಅಷ್ಟರಲ್ಲಿ ಒಳಗಿನಿಂದ ದೊಡ್ಡಪ್ಪನ ಕೂಗು: "ವೀಳ್ಯದ ಹೊತ್ತು ಮೀರುತ್ತೆ, ಅಮ್ಮನ್ನ ಕರ್ಕೊಂಡ್ ಬನ್ರಮ್ಮಾ!"

ಇವತ್ತು ಬೇಡ, ಇನ್ನೊಂದು ದಿನ ಮಾಡೋಣ ಎಂದು ಸನ್ನೆಯಲ್ಲಿ ಹೇಳಿದೆ. ಅತ್ತೆ ಕಣ್ಣು ಕೆಕ್ಕರಿಸಿದರು.

"ನನಗೆ ಕಿವಿ ಕೇಳ್ಸಲ್ಲ ಅಂತ ಬೀಗರ ಮುಂದೆ ಹೇಳ್ತೀಯಾ? ಮಾನ ಕಳೀಬೇಡ. ನೀನು ಎದುರಿಗೆ ನಿಂತ್ಕೋ. ಒಪ್ಪೋದಾದ್ರೆ ತಲೆ ಹಾಕು. ಒಪ್ಪದಿದ್ರೆ ಅಲ್ಲಾಡ್ಸು. ನಾನು ನಿನ್ನೇ ನೋಡ್ತಿರ್ತೀನಿ."

ಉಪಾಯ ಚೆನ್ನಾಗಿತ್ತು. ಬಾಯಿ ಬಿಡಬಾರದು ಎಂದಿದೆಯೇ ಹೊರತು ತಲೆ ಆಡಿಸಬಾರದು ಎಂದು ಪದ್ಧತಿಯಲ್ಲಿ ಎಲ್ಲೂ ಇಲ್ಲ. ಅತ್ತೆ ಕೂತು ತಟ್ಟೆಯ ಮೇಲೆ ಕೈಯಿಟ್ಟರು. ನಾನು ಎದುರಿನ ಬಾಗಿಲಿಗೆ ಒರಗಿ ನಿಂತೆ. ಮೊಮ್ಮಗಳು ಒಳಕೋಣೆಯ ಪರದೆಯ ಹಿಂದೆ ಇದ್ದಳು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಅವರು ಮೂರು ದಿನದಿಂದ ಈ ಜಗಳಕ್ಕೆ ತಯಾರಾಗಿದ್ದರೆಂದು ಆಮೇಲೆ ತಿಳಿಯಿತು. ಮೇಲಿಂದ ಕೇಳಬೇಕು, ಅಜ್ಜಿ ಕಾಲು ಭಾಗಕ್ಕೆ ಇಳಿಸುತ್ತಾಳೆ, ನಡುವೆ ಎಲ್ಲೋ ನಿಲ್ಲುತ್ತದೆ ಎಂಬುದು ಅವರ ಲೆಕ್ಕ.

"ಅಮ್ಮಾ, ನಮ್ಮ ಕಡೆ ಜನ ಜಾಸ್ತಿ. ಎರಡೂ ಕಡೆ ಸೇರಿ ಸಾವಿರದ ಇನ್ನೂರು ಎಲೆ ಆಗಬೇಕು."

ಸರಿಯಾಗಿ ಆಗಲೇ ಹುಡುಗನ ತಾಯಿ ಕಾಫಿ ತಂದು ನನ್ನ ಪಕ್ಕ ನಿಂತು, ಕಿವಿಯ ಹತ್ತಿರ ಪಿಸುಗುಟ್ಟಿದರು: "ಸಕ್ಕರೆ ಸಾಕಾ ನೋಡಿ ಅಕ್ಕಾ."

ಮಾತಾಡುವಂತಿಲ್ಲ. ಒಂದು ಗುಟುಕು ಕುಡಿದು, ಸಾಕು ಎಂದು ತಲೆ ಹಾಕಿದೆ.

ಅತ್ತೆಯೂ ತಲೆ ಹಾಕಿದರು.

ಪರದೆಯ ಹಿಂದೆ ಏನೋ ಬಿದ್ದ ಸದ್ದಾಯಿತು. ದೊಡ್ಡಪ್ಪ ಬಾಯಿ ತೆರೆದುಕೊಂಡೇ ಕೂತರು. ಅವರ ಜನ್ಮದಲ್ಲಿ ಯಾರೂ ಮೊದಲ ಮಾತಿಗೇ ಒಪ್ಪಿರಲಿಲ್ಲ. ಪರೀಕ್ಷೆ ಮಾಡಿ ನೋಡುವ ಆಸೆ ಅವರಿಗೂ ಬಂದಿರಬೇಕು.

"ಹಂಗಾದ್ರೆ ಎರಡು ದಿನದ ಮದುವೆ. ಅಜ್ಜಂಪುರದಿಂದ ಐದು ಬಸ್ಸು. ನಿಮ್ಮ ಖರ್ಚು."

ನಾನು ಕಲ್ಲಿನಂತೆ ನಿಂತಿದ್ದೆ. ಹುಡುಗನ ತಾಯಿಗೆ ಗಾಬರಿ. "ಯಾಕಕ್ಕಾ ಬೆವರ್ತಿದೀರಿ? ಹುಷಾರಾಗಿದೀರ ತಾನೆ?"

ಯಾರಾದರೂ ಹುಷಾರಾಗಿದ್ದೀರಾ ಎಂದು ಕೇಳಿದರೆ ಕಡೂರಿನ ಹೆಂಗಸು ಏನು ಮಾಡುತ್ತಾಳೆ? ತಲೆ ಹಾಕಿದೆ.

ಐದು ಬಸ್ಸೂ ಹೊರಟವು.

ಇನ್ನು ಸಾಕು ಎಂದುಕೊಂಡೆ. ಸಕ್ಕರೆ ಕೇಳಲಿ, ಸಂಕಟ ಕೇಳಲಿ, ಮುಂದಿನದಕ್ಕೆ ಕಣ್ಣು ಮುಚ್ಚಿ ಇಲ್ಲ ಎನ್ನುವುದೇ. ಲೋಟ ಕೆಳಗಿಟ್ಟು, ಹುಡುಗನ ತಾಯಿಯ ಮಾತು ಬೀಳದಂತೆ ಎರಡು ಕಿವಿಗೂ ಬೆರಳಿಟ್ಟು, ಕಣ್ಣು ಮುಚ್ಚಿ, ಬಲವಾಗಿ ತಲೆ ಅಲ್ಲಾಡಿಸಲು ಶುರುಮಾಡಿದೆ. ಆ ಹೊತ್ತಿಗೆ ಅಲ್ಲಿ ನಡೆದದ್ದೇ ಬೇರೆ ಎಂದು ಆಮೇಲೆ ತಿಳಿಯಿತು. ಹುಡುಗನ ತಂದೆ ನಿಯಮ ಮುರಿದು ಅಣ್ಣನ ತೋಳು ಹಿಡಿದೆಳೆದರು.

"ಅಣ್ಣಾ, ಸಾಕು ಮಾಡೋ. ಸಾವಿರದ ಇನ್ನೂರಕ್ಕೆ ನಾವು ಎಲ್ಲಿಂದ ಜನ ತರೋಣ? ಐದು ಬಸ್ಸು ತುಂಬೋಕೆ ಪಕ್ಕದೂರೋರ್ನೂ ಕರೀಬೇಕು."

ದೊಡ್ಡಪ್ಪನಿಗೂ ಅಷ್ಟೊತ್ತಿಗೆ ಭಯವಾಗಿತ್ತು. ಕೈ ಮುಗಿದು ಅತ್ತೆಯನ್ನು ಕೇಳಿದರು: "ಅಮ್ಮಾ, ಆಸೆಗೆ ಕೇಳಿಬಿಟ್ಟೆ. ಜಾಸ್ತಿ ಆಯ್ತು. ಇನ್ನೂರಕ್ಕೇ ಇಳಿಸಿ, ಒಂದೇ ದಿನಕ್ಕೆ ಮುಗಿಸಿಬಿಡೋಣ್ವಾ?"

ಅತ್ತೆ ನನ್ನನ್ನು ನೋಡಿದರು. ನಾನು ಕುತ್ತಿಗೆ ಉಳುಕುವ ಹಾಗೆ ತಲೆ ಅಲ್ಲಾಡಿಸುತ್ತಿದ್ದೆ.

"ಆಗಲ್ಲ!" ಎಂದು ಅತ್ತೆ ಮನೆ ಅದುರುವಂತೆ ಹೇಳಿ, ತಟ್ಟೆಯಿಂದ ಕೈ ತೆಗೆದರು.

ತರೀಕೆರೆಯಿಂದ ಹೊಸ ಸೆಲ್ಲು ಬಂದ ಮೇಲೆ ಅತ್ತೆಗೆ ಎಲ್ಲವನ್ನೂ ವಿವರಿಸಿದೆವು. ಮೊಮ್ಮಗಳು ಅತ್ತಳು, ಆಮೇಲೆ ನಗು ತಡೆಯಲಾರದೆ ನಕ್ಕಳು, ಮತ್ತೆ ಅತ್ತಳು. ಬೀಗರಿಗೆ ಇದ್ದ ವಿಷಯ ಹೇಳಿ ಮಾತು ಬದಲಾಯಿಸೋಣ, ಅವರಿಗೂ ಅದೇ ಬೇಕು ಎಂದ ನನ್ನ ಮಗ. ಅತ್ತೆ ಒಪ್ಪಲಿಲ್ಲ.

"ಕಿವುಡಿ ವೀಳ್ಯ ಕೊಟ್ಲು ಅಂತ ಅನ್ನಿಸ್ಕೊಳೋಕಿಂತ ಸಾವಿರದ ಇನ್ನೂರು ಜನಕ್ಕೆ ಅನ್ನ ಹಾಕೋದು ಮೇಲು. ಆ ದೊಡ್ಡಪ್ಪನ ಮುಖ ನೋಡಿದ್ಯಾ? ಜನ್ಮದಲ್ಲೇ ಯಾರ್ ಹತ್ರಾನೂ ಅಷ್ಟು ಮೆತ್ತಗೆ ಕೂತಿರ್ಲಿಕ್ಕಿಲ್ಲ."

ಕಾಗದ ಕಿತ್ತದ್ದು ನಾನೆಂದು ಬೀಗರಿಗೆ ಹೇಳಲು ನನಗೂ ಮನಸ್ಸು ಬರಲಿಲ್ಲ. ಮಾನ ಅತ್ತೆಗೆ ಮಾತ್ರ ಇರುವುದಲ್ಲ.

ಒಟ್ಟು ಆದದ್ದು ಇಷ್ಟು. ಊಟ, ಎರಡು ದಿನಕ್ಕೆ, ಸಾವಿರದ ನೂರ ನಲವತ್ತು ಎಲೆ. ಬಸ್ಸು ಐದು, ಅದರಲ್ಲಿ ಒಂದರಲ್ಲಿ ಡ್ರೈವರು, ಕ್ಲೀನರು ಮತ್ತು ದೊಡ್ಡಪ್ಪ ಮೂವರೇ ಬಂದರು. ಮಗ ತೆಗೆದಿಟ್ಟಿದ್ದ ಹಣ ಪೂರ್ತಿ ಮುಗಿಯಿತು. ಕಿವಿಯ ಸೆಲ್ಲು ಹೊಸ ಪ್ಯಾಕೆಟ್ಟು ಒಂದು, ಮುನ್ನೂರ ಮೂವತ್ತು ರೂಪಾಯಿ. ಹಲ್ಲಿನ ಕುರ್ಚಿ, ಒಬ್ಬರು ಉಪಯೋಗಿಸಿ ಬಿಟ್ಟದ್ದು, ತರೀಕೆರೆಗೆ ಸಾಗಿಸಿದ ಲಾರಿ ಬಾಡಿಗೆಯೂ ಸೇರಿ, ನನ್ನ ನಾಲ್ಕು ಚಿನ್ನದ ಬಳೆಯಲ್ಲಿ ಎರಡು.